ವಿಚಿತ್ರ ಕಥೆಗೂ ಒಂದು ತಕ್ಕಡಿ
(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಒಬ್ಬ ಲೇಖಕ 60ಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾನೆ ಎಂದರೆ ನಮಗೆ ಮೊದಲು ಬರುವುದು ಮೆಚ್ಚುಗೆಯಲ್ಲ, ಅನುಮಾನ. ಅವುಗಳಲ್ಲಿ ಕೆಲವುದರ ಹೆಸರನ್ನು ಹಿರಿಯರ ಮುಂದೆ ಹೇಳುವಂತೆಯೇ ಇಲ್ಲ ಎಂದಾದರೆ ಅನುಮಾನವೇ ತೀರ್ಪಾಗಿಬಿಡುತ್ತದೆ. ಅಮೆರಿಕದ ಕಾರ್ಲ್‌ಟನ್ ಮೆಲಿಕ್ ಅವರ ಬಗ್ಗೆ ನಾನು ಮಾಡಿದ್ದೂ ಅದನ್ನೇ. ಕಚೇರಿಯಲ್ಲಿ ಹಿರಿಯರೊಬ್ಬರು ಕೇಳಿದಾಗ 'ಬರೀ ಕಸ ಸಾರ್' ಎಂದೆ. 'ಎಷ್ಟು ಪುಟ ಓದಿದೆಯಪ್ಪಾ?' ಎಂದರು. ಉತ್ತರವಿರಲಿಲ್ಲ. ಇಂದಿನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಸ್ವಲ್ಪ ಹಿನ್ನೆಲೆ. 1977ರಲ್ಲಿ ಜನಿಸಿದ ಮೆಲಿಕ್ ಅವರ 'ಸೇಟನ್ ಬರ್ಗರ್' ಕಾದಂಬರಿ 2001ರಲ್ಲಿ 'ಇರೇಸರ್‌ಹೆಡ್ ಪ್ರೆಸ್' ಎಂಬ ಸಣ್ಣ ಪ್ರಕಾಶನದಿಂದ ಹೊರಬಂತು. ಅಸಂಬದ್ಧ, ಭೀಕರ, ಹಾಸ್ಯ ಮೂರೂ ಒಂದೇ ಪಾತ್ರೆಯಲ್ಲಿ ಕುದಿಯುವ ಇಂಥ ಬರವಣಿಗೆಗೆ 2005ರ ಸುಮಾರಿಗೆ 'ಬಿಜಾರೋ' ಎಂಬ ಹೆಸರು ನಿಂತಿತು.

ಇದನ್ನು ತೂಗುವುದು ಹೇಗೆ? ತಕ್ಕಡಿ ನಮ್ಮಲ್ಲೇ ಇದೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸ, ಅದ್ಭುತ ಮೂರೂ ಇವೆ. ಭಯ, ಜುಗುಪ್ಸೆ, ವಿಸ್ಮಯ ಅವುಗಳ ಸ್ಥಾಯಿಭಾವಗಳು. ಹೇಸಿಗೆಯೂ ರಸವಾಗಬಲ್ಲದು ಎಂದಾಯಿತು. ಆದರೆ ಹೇಸಿಗೆ ತಾನೇ ರಸವಲ್ಲ. ಅದನ್ನು ರಸವಾಗಿಸುವುದು ಕಲೆಗಾರನ ಕೆಲಸ. ಕಥೆಯಲ್ಲಿ ರಕ್ತ ಹರಿಸುವುದು ಸುಲಭ. ಅದು ಯಾರ ರಕ್ತ ಎಂದು ಓದುಗ ಕಳವಳಪಡುವಂತೆ ಮಾಡುವುದು ಕಷ್ಟ.

2013ರಲ್ಲಿ ಬಂದ 'ಕ್ವಿಕ್‌ಸ್ಯಾಂಡ್ ಹೌಸ್' ನೋಡಿ. ಟಿಕ್ ಮತ್ತು ಪಾಲಿ ಎಂಬ ಮಕ್ಕಳು ಪಾಳುಬೀಳುತ್ತಿರುವ ದೊಡ್ಡ ಬಂಗಲೆಯ ಮೂಲೆಯೊಂದರಲ್ಲಿ ಬೆಳೆಯುತ್ತಾರೆ. ತಂದೆತಾಯಿ ಅದೇ ಮನೆಯಲ್ಲಿದ್ದಾರೆ; ಆದರೆ ಒಮ್ಮೆಯೂ ಬಂದು ಮುಖ ತೋರಿಸಿಲ್ಲ. ಅನ್ನ ನೀರು ಕೊಡುವ ಯಂತ್ರಗಳು ಕೆಟ್ಟಾಗ ಮಕ್ಕಳು ಅವರನ್ನು ಹುಡುಕಿ ಹೊರಡುತ್ತಾರೆ. ಕತ್ತಲ ಓಣಿಗಳಲ್ಲಿ ವಿಕಾರ ಪ್ರಾಣಿಗಳಿವೆ. ಆದರೆ ನಮ್ಮನ್ನು ನಡುಗಿಸುವುದು ಅವಲ್ಲ, 'ಅಮ್ಮ ನಮ್ಮನ್ನು ಮರೆತಳೇ?' ಎಂಬ ಭಯ. ಇಲ್ಲಿ ವಿಚಿತ್ರ ಕಲ್ಪನೆ ಒಂದು ನಿಜವಾದ ನೋವಿಗೆ ಮೈ ಕೊಟ್ಟಿದೆ.

ಅದೇ ವರ್ಷದ 'ಕಡ್ಲಿ ಹೋಲೊಕಾಸ್ಟ್'ನಲ್ಲಿ ಆಟಿಕೆಗಳು ಮನುಷ್ಯರ ಮೇಲೆ ದಂಗೆಯೇಳುತ್ತವೆ. ಕುಟುಂಬವನ್ನು ಉಳಿಸಲು ಜೂಲಿ ಎಂಬ ಹುಡುಗಿ ಶಸ್ತ್ರಚಿಕಿತ್ಸೆಯಿಂದ ತಾನೇ ಆಟಿಕೆಯಾಗಹೊರಡುತ್ತಾಳೆ. ಕೇಳಲು ನಗು ಬರುತ್ತದೆ. ಆದರೆ ಶತ್ರುವನ್ನು ಗೆಲ್ಲಲು ಶತ್ರುವಿನ ರೂಪವನ್ನೇ ತೊಡುವವರ ಗತಿಯೇನು ಎಂಬ ಪ್ರಶ್ನೆ ನಗುವಂಥದ್ದಲ್ಲ. ಹೆಸರಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ನಿಜವಾಗಿ ನಡೆದ ನರಮೇಧದ ಹೆಸರನ್ನು ಮುದ್ದಿನ ಗೊಂಬೆಗೆ ಕಟ್ಟುವ ಮೊದಲು ಲೇಖಕ ಎರಡು ಸಲ ಯೋಚಿಸಬೇಕಿತ್ತು.

ಇನ್ನು ಸಂಖ್ಯೆಯ ಮಾತು. ಬಹಳ ಬರೆದವರೆಲ್ಲ ಹಗುರ ಎನ್ನುವುದಾದರೆ, 40ಕ್ಕೂ ಹೆಚ್ಚು ಕಾದಂಬರಿ ಬರೆದ ಶಿವರಾಮ ಕಾರಂತರನ್ನು ಎಲ್ಲಿಡೋಣ? ಇಬ್ಬರೂ ಸಮಾನರೆಂದಲ್ಲ, ಸಂಖ್ಯೆ ಸಾಕ್ಷಿಯಲ್ಲ ಎಂದಷ್ಟೇ. ಮೆಲಿಕ್ ಅವರ ಭಾಷೆ ಸರಳ, ಕೆಲವೊಮ್ಮೆ ತೆಳು. ಅವರ ಗೆಲುವು ಕಲ್ಪನೆಯದು, ವಾಕ್ಯದ್ದಲ್ಲ. ಆದ್ದರಿಂದ ಒಂದೊಂದು ಪುಸ್ತಕವನ್ನೂ ಬೇರೆಬೇರೆಯಾಗಿಯೇ ತೂಗಬೇಕು. ಕಲ್ಪನೆ ತನ್ನ ನಿಯಮವನ್ನು ಕೊನೆಯವರೆಗೆ ಪಾಲಿಸಿತೇ? ಪಾತ್ರದ ನೋವು ನಮಗೆ ತಟ್ಟಿತೇ? ಹೇಸಿಗೆ ಕಥೆಗೆ ಬೇಕಿತ್ತೇ, ಕೇವಲ ಬೆಚ್ಚಿಬೀಳಿಸಲು ಬಂತೇ? ಮೂರಕ್ಕೂ ಉತ್ತರ ಪ್ರತಿಕೂಲವಾದರೆ ಪುಸ್ತಕ ಮುಚ್ಚಿಡಲು ಸಂಕೋಚ ಬೇಡ.

ಇವು ಎಳೆಯರ ಕೈಗೆ ಕೊಡುವ ಪುಸ್ತಕಗಳಲ್ಲ. ಎಲ್ಲ ದೊಡ್ಡವರಿಗೂ ಹಿಡಿಸಬೇಕೆಂದಿಲ್ಲ. ಆದರೆ ಓದಿದ ಮೇಲೆ 'ಕಸ' ಎನ್ನುವುದು ವಿಮರ್ಶೆ. ಓದದೆ ಎನ್ನುವುದು ಸೋಮಾರಿತನ. ಈ ವ್ಯತ್ಯಾಸ ಕಲಿಸಿದವರು ಆ ಹಿರಿಯರು.