ನಲವತ್ತೈದು ಅಕ್ಷರಗಳ ದೂಳು
(ಪದಬಂಧ ಪ್ರಿಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನ ಅತಿ ಉದ್ದದ ಪದ ಯಾವುದು? ಪದದಾಟದವರು ಸೇರಿದಲ್ಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ದೊಡ್ಡ ನಿಘಂಟುಗಳು ಕೊಡುವ ಉತ್ತರ: ನ್ಯುಮೋನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. ಇಂಗ್ಲಿಷಿನಲ್ಲಿ ಬರೆದರೆ 45 ಅಕ್ಷರ. ಒಂದೇ ಉಸಿರಿಗೆ ಹೇಳಲು ನಾನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಬೇಕಾಯಿತು.

ಬಿಡಿಸಿ ನೋಡಿದರೆ ಹೆದರಿಕೆಯಿಲ್ಲ. ಶ್ವಾಸಕೋಶ, ಅತಿಸೂಕ್ಷ್ಮ, ಸಿಲಿಕಾ, ಜ್ವಾಲಾಮುಖಿ, ದೂಳು, ಕೊನೆಗೆ ರೋಗ. ಸಂಸ್ಕೃತ ಸಮಾಸ ಬಿಡಿಸಿ ರೂಢಿಯಿರುವ ನಮಗೆ ಇದೇನು ಮಹಾ! ಆದರೆ ಗ್ರೀಕ್ ತುಂಡಿಗೆ ಲ್ಯಾಟಿನ್ ತುಂಡನ್ನು ಹೊಲಿದಿದ್ದಾರೆ. ನಮ್ಮ ವೈಯಾಕರಣರ ಕೈಗೆ ಸಿಕ್ಕಿದ್ದರೆ ಅರಿಸಮಾಸವೆಂದು ಹೊರಗಟ್ಟುತ್ತಿದ್ದರೋ ಏನೋ.

ಇದನ್ನು ಹುಟ್ಟಿಸಿದವರು ವೈದ್ಯರಲ್ಲ. 1935ರಲ್ಲಿ ಅಮೆರಿಕದ ರಾಷ್ಟ್ರೀಯ ಒಗಟುಗಾರರ ಸಂಘದ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್, ಅತಿ ಉದ್ದದ ಪದವಾಗಲೆಂದೇ ಹೆಣೆದರು. ನ್ಯೂಯಾರ್ಕಿನ ಪತ್ರಿಕೆಯೊಂದು ಅಚ್ಚುಹಾಕಿತು. ಅಚ್ಚಾದದ್ದು ಮೆಲ್ಲಗೆ ನಿಘಂಟಿಗೂ ನುಸುಳಿತು. ಆಕ್ಸ್‌ಫರ್ಡ್ ನಿಘಂಟು ಮಾತ್ರ, ಇದು ಕೃತಕ ಪದವೆಂದು ಷರಾ ಬರೆದೇ ಒಳಗೆ ಬಿಟ್ಟುಕೊಂಡಿದೆ.

ತಮಾಷೆಯೆಂದರೆ, ಆಟಗಾರರು ಹೆಣೆದ ಪದ ಆಟಕ್ಕೇ ಒದಗದು. ಸ್ಕ್ರ್ಯಾಬಲ್ ಹಲಗೆಯ ಒಂದು ಸಾಲಿನಲ್ಲಿ ಇರುವುದು 15 ಮನೆ. ಇದಕ್ಕೆ ಮೂರು ಹಲಗೆ ಒತ್ತಾಗಿ ಇಡಬೇಕು. ವೈದ್ಯರು ಬಳಸುವ ಪದ 'ಸಿಲಿಕೋಸಿಸ್'. ಇಂಗ್ಲಿಷಿನಲ್ಲಿ 9 ಅಕ್ಷರ. ಬಣ್ಣದ ಮನೆಗಳ ಲಾಭ ಬಿಟ್ಟರೆ ಸಿಗುವುದು 11 ಅಂಕ.

ಈ ಚಿಕ್ಕ ಪದದ ತೂಕ ಬೇರೆ. ಇಲ್ಲಿ ಜ್ವಾಲಾಮುಖಿಯ ಮಾತು ಬರಿಯ ಅಲಂಕಾರ. ರೋಗ ತರುವುದು ಸಾಮಾನ್ಯವಾಗಿ ಕಲ್ಲು ಕೊರೆಯುವ, ಒಡೆಯುವ ಕೆಲಸ. ಸ್ಮಿತ್ ಪದ ಹೆಣೆಯುವ ಕೆಲವೇ ವರ್ಷ ಮೊದಲು, 1930–31ರಲ್ಲಿ, ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗ ಕೊರೆದ ನೂರಾರು ಕೂಲಿಗಳು, ಹೆಚ್ಚಿನವರು ಕಪ್ಪುವರ್ಣೀಯರು, ಈ ದೂಳು ಕುಡಿದು ಸತ್ತರು. 1936ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ ರೋಗ ಪತ್ತೆಯಾದದ್ದು ಅದೇ ದಶಕದಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆಂದೇ ನಿಯಮಗಳನ್ನು ಮಾಡಿತು.

ಗಣಿ 2001ರಲ್ಲಿ ಮುಚ್ಚಿತು. ಆದರೆ ಎದೆಗೆ ಇಳಿದ ದೂಳು ಕೆಲಸ ಬಿಟ್ಟ ಮೇಲೂ ಶ್ವಾಸಕೋಶವನ್ನು ಗಟ್ಟಿಮಾಡುತ್ತ ಹೋಗಬಲ್ಲದು, ವಾಸಿಮಾಡುವ ಮದ್ದಿಲ್ಲ. ಕಲ್ಲುಕ್ವಾರಿಯ ಕೂಲಿಗಳಿಗೆ ಇಂದಿಗೂ ಇದರ ಕಾಟ ತಪ್ಪಿಲ್ಲ. ಕೆಮ್ಮು, ಏದುಸಿರು, ಸೊರಗಿದ ಮೈ ಕಂಡು ಎಷ್ಟೋ ಸಲ ಕ್ಷಯವೆಂದು ಬರೆದುಬಿಡುತ್ತಾರೆ. ಸಿಲಿಕೋಸಿಸ್ ಎಂದರೆ ಕಾನೂನಿನ ಪ್ರಕಾರ ಪರಿಹಾರ ಕೊಡಬೇಕಾದ ಕಸುಬಿನ ರೋಗ. ಕ್ಷಯವೆಂದು ಬರೆದರೆ, ಆ ಕೂಲಿ ತನಗೆ ಬರಬೇಕಾದ ಹಣ ಕೇಳುವ ದಾರಿ ಅಲ್ಲಿಗೇ ಮುಚ್ಚುತ್ತದೆ.