ಸಾಣೆಯ ಕುರುಂದ, ಉಂಗುರದ ಮಾಣಿಕ್ಯ



ಹಿಂದೆ ಊರೂರು ತಿರುಗಿ ಕತ್ತಿ ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದವರನ್ನು ಹಿರಿಯರಲ್ಲಿ ಅನೇಕರು ಕಂಡಿರಬಹುದು. ಕುರುಂದದ ಪುಡಿಯನ್ನು ಅರಗಿನೊಡನೆ ಬೆರೆಸಿ ಸಾಣೆಯ ಚಕ್ರವನ್ನು ಸಿದ್ಧಪಡಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು. ಉಕ್ಕನ್ನೂ ಸವೆಸಬಲ್ಲ ಆ ಒರಟು ಪುಡಿಗೂ ರತ್ನಪಡಿ ವ್ಯಾಪಾರಿಯು ಹತ್ತಿಯ ಮೇಲಿಟ್ಟು ತೋರಿಸುವ ಮಾಣಿಕ್ಯಕ್ಕೂ ಸಂಬಂಧವಿದೆಯೆಂದರೆ ಮೊದಲಿಗೆ ಆಶ್ಚರ್ಯವೆನಿಸುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಒಂದೇ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯುಕ್ತ. ನೀಲಮಣಿಯೂ ಅದೇ. ಕಾಠಿಣ್ಯದ ಮಾನದಲ್ಲಿ ವಜ್ರಕ್ಕೆ 10 ಅಂಕವಾದರೆ ಕುರುಂದಕ್ಕೆ 9. ಇಂಗ್ಲಿಷಿನ ಕೊರಂಡಂ ಎಂಬ ಹೆಸರು ಕೂಡ ಈ ದಕ್ಷಿಣ ಭಾರತದ ಪದದಿಂದಲೇ ಹೋದುದು.

ಒಂದೇ ವಸ್ತು ಒಂದು ಕಡೆ ಮೂಟೆಯ ಲೆಕ್ಕದಲ್ಲಿಯೂ ಇನ್ನೊಂದು ಕಡೆ ಕ್ಯಾರೆಟ್ ಲೆಕ್ಕದಲ್ಲಿಯೂ ಏಕೆ ಮಾರಾಟವಾಗುತ್ತದೆ? ಇದಕ್ಕೆ ಉತ್ತರವನ್ನು ರೂಪಾಂತರ ಶಿಲೆಗಳಲ್ಲಿ ಹುಡುಕಬೇಕು.

ಕುಂಬಾರನ ಆವಿಗೆಯಲ್ಲಿ ಹಸಿ ಮಡಕೆಯು ಕರಗಿ ಹರಿಯುವುದಿಲ್ಲ. ಆದರೂ ಹೊರಬರುವಾಗ ಅದು ಹಿಂದಿನ ಜೇಡಿಮಣ್ಣಾಗಿ ಉಳಿದಿರುವುದಿಲ್ಲ. ಭೂಮಿಯ ಆಳದಲ್ಲಿ ಹುದುಗಿದ ಶಿಲೆಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿದ ಶಿಲೆಯ ಖನಿಜಗಳು ಘನರೂಪದಲ್ಲಿದ್ದುಕೊಂಡೇ ಮರುಜೋಡಣೆಗೊಳ್ಳುತ್ತವೆ. ಸುಣ್ಣದಕಲ್ಲು ಅಮೃತಶಿಲೆಯಾಗುತ್ತದೆ, ಜೇಡಿಶಿಲೆಯು ಹಲಗೆಕಲ್ಲಾಗಿ, ಮುಂದೆ ಅಭ್ರಕದಿಂದ ಮಿನುಗುವ ಷಿಸ್ಟ್ ಶಿಲೆಯಾಗುತ್ತದೆ. ರಾಜಸ್ಥಾನದ ಷಿಸ್ಟ್ ಶಿಲೆಗಳಲ್ಲಿ ದೊರೆಯುವ ಗಾರ್ನೆಟ್ ಎಂಬ ಕೆಂಪು ಹರಳು ಇಂತಹ ಮರುಜೋಡಣೆಯ ಫಲ. ಗಾರ್ನೆಟ್ ಹುಟ್ಟುವುದು ಅಷ್ಟೇನೂ ಕಷ್ಟವಲ್ಲ. ಮಾಣಿಕ್ಯದ ವಿಷಯ ಬೇರೆ.

ಭೂಮಿಯ ಹೊರಪದರದಲ್ಲಿ ಅಲ್ಯೂಮಿನಿಯಂಗೆ ಕೊರತೆಯಿಲ್ಲ. ಆದರೆ ಬೆಣಚುಕಲ್ಲಿನ ಮೂಲದ್ರವ್ಯವಾದ ಸಿಲಿಕಾ ಅದಕ್ಕಿಂತಲೂ ಹೆಚ್ಚಾಗಿದ್ದು, ಸಮೀಪಕ್ಕೆ ಬಂದ ಅಲ್ಯೂಮಿನಿಯಂ ಅನ್ನು ತನ್ನೊಡನೆ ಸೇರಿಸಿಕೊಂಡು ಬೇರೆ ಖನಿಜಗಳನ್ನು ಉಂಟುಮಾಡುತ್ತದೆ. ಆದುದರಿಂದ ಸಿಲಿಕಾ ತೀರ ಕಡಿಮೆಯಿರುವ ಅಥವಾ ಯಾವುದೋ ಕಾರಣದಿಂದ ಹೊರಟುಹೋದ ಎಡೆಯಲ್ಲಿ ಮಾತ್ರ ಕುರುಂದ ರೂಪುಗೊಳ್ಳುತ್ತದೆ. ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅತ್ಯಲ್ಪ ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಜೊತೆಗೂಡಿದರೆ ನೀಲಿ. ಕಬ್ಬಿಣ ಹೆಚ್ಚಾದರೆ ಕೆಂಪಿನ ಕಾಂತಿ ಕುಂದುತ್ತದೆ. ಮ್ಯಾನ್ಮಾರಿನ ಮೊಗೋಕ್ ಪ್ರದೇಶದ ಮಾಣಿಕ್ಯಗಳು ಕೆಂಡದಂತೆ ಹೊಳೆಯುವುದಕ್ಕೆ ಅವು ಹುಟ್ಟಿದ ಅಮೃತಶಿಲೆಯಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆಯಿರುವುದೂ ಒಂದು ಕಾರಣ.

ಸಿಲಿಕಾ ಹೊರಟುಹೋಗುವುದಕ್ಕೆ ಪ್ರಸಿದ್ಧವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ಜಮ್ಮು ಮತ್ತು ಕಾಶ್ಮೀರದ ಕಿಶ್ತ್‌ವಾಡ ಜಿಲ್ಲೆಯ ಪಾಡರ್ ಪ್ರದೇಶದಲ್ಲಿ, ಸುಮ್ಜಾಮ್ ಎಂಬ ಹಳ್ಳಿಯ ಮೇಲಣ ಕಣಿವೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಅಮೃತಶಿಲೆಯ ನಡುವೆ ಮೆಗ್ನೀಸಿಯಂಭರಿತ ಶಿಲೆಯೊಂದಿದೆ. ಅದರೊಳಕ್ಕೆ ನುಗ್ಗಿದ ಪೆಗ್ಮಟೈಟ್ ಎಂಬ ಅಗ್ನಿಶಿಲೆಯು ತನ್ನ ಸಿಲಿಕಾವನ್ನು ಸುತ್ತಣ ಶಿಲೆಗೆ ಬಿಟ್ಟುಕೊಟ್ಟಿತು. ಹಿಂದುಳಿದ ಅಲ್ಯೂಮಿನಿಯಂ ನೀಲಮಣಿಯಾಯಿತು. 1881ರ ಸುಮಾರಿಗೆ ಭೂಕುಸಿತವೊಂದು ಈ ನಿಕ್ಷೇಪವನ್ನು ಹೊರಗೆಡಹಿತೆಂದು ಹೇಳುತ್ತಾರೆ. ಮೊದಮೊದಲು ಅಲ್ಲಿನ ಜನ ನೀಲಿ ಹರಳುಗಳನ್ನು ಉಪ್ಪಿಗೆ ವಿನಿಮಯ ಮಾಡಿಕೊಂಡರೆಂಬ ಕಥೆಯೂ ಉಂಟು. ಸುದ್ದಿ ಹರಡಿದೊಡನೆ ಆಗಿನ ಮಹಾರಾಜರು ಕಾವಲು ಹಾಕಿಸಿದರು. 1882ರಿಂದ 1887ರವರೆಗಿನ ಕೆಲವೇ ವರ್ಷಗಳಲ್ಲಿ, ಅದೂ ಹಿಮ ಕರಗಿರುವ ಅಲ್ಪಾವಧಿಯಲ್ಲಿ, ಉತ್ತಮ ಹರಳುಗಳಲ್ಲಿ ಬಹುಪಾಲನ್ನು ಹೊರತೆಗೆಯಲಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲಾ ಟೂಶ್ ಅವರು ಪರಿಶೀಲನೆಗೆ ತೆರಳುವ ವೇಳೆಗೆ ಆ ಮೇಲಣ ನಿಕ್ಷೇಪ ಬಹುಮಟ್ಟಿಗೆ ಬರಿದಾಗಿತ್ತು. ಅನಂತರದ ಪ್ರಯತ್ನಗಳಿಂದ ಅಂತಹ ಫಲ ದೊರೆಯಲಿಲ್ಲ. ಮಖಮಲ್ಲಿನಂತಹ ಆ ನೀಲಿಗೆ ಹರಾಜುಗಳಲ್ಲಿ ಇಂದಿಗೂ ಅಪಾರ ಬೆಲೆಯುಂಟು.

ಕರ್ನಾಟಕದ ಹಳೆಯ ಮೈಸೂರು ಸೀಮೆಯಲ್ಲಿ ದೊರೆಯುವ ಒಂದು ಶಿಲೆಯಂತೂ ಈ ಪ್ರಕ್ರಿಯೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಫುಕ್ಸೈಟ್ ಎಂಬ ಹಸಿರು ಅಭ್ರಕದಲ್ಲಿ ಷಟ್ಕೋನಾಕಾರದ ಕೆಂಪು ಕುರುಂದ ಹುದುಗಿರುತ್ತದೆ. ಅದರ ಸುತ್ತ ಅನೇಕ ವೇಳೆ ಕಯನೈಟ್ ಖನಿಜದ ತೆಳುನೀಲಿ ಬಳೆ ಕಾಣುತ್ತದೆ. ಅಭ್ರಕಕ್ಕೆ ಹಸಿರನ್ನೂ ಕುರುಂದಕ್ಕೆ ಕೆಂಪನ್ನೂ ನೀಡಿದುದು ಒಂದೇ ಕ್ರೋಮಿಯಂ. ನೀಲಿ ಬಳೆಯಾದರೋ ಅಲ್ಯೂಮಿನಿಯಂ ಹಾಗೂ ಸಿಲಿಕಾಗಳು ಸೇರಿ ಆದ ಖನಿಜ. ಈ ಕಲ್ಲು ಪಾರದರ್ಶಕವಲ್ಲವಾದ್ದರಿಂದ ಮಣಿ, ಕೆತ್ತನೆಯ ಬೊಂಬೆಗಳಿಗೆ ಬಳಕೆಯಾಗುತ್ತದೆ, ಬೆಲೆಯೂ ಸಾಧಾರಣ. ಇದರ ಚೆಲುವು ಬೆಲೆಗಿಂತ ಹೆಚ್ಚಿನದೆಂದು ಹೇಳಬಹುದು.

ಅಲ್ಯೂಮಿನಿಯಂ ಇರಬೇಕು, ಸಿಲಿಕಾ ಇರಬಾರದು, ಕ್ರೋಮಿಯಂ ತಕ್ಕಷ್ಟೇ ಇರಬೇಕು, ಕಬ್ಬಿಣ ಮಿತಿಮೀರಬಾರದು. ಇಷ್ಟಾದ ಮೇಲೆ ಪರ್ವತಗಳನ್ನೇ ಎತ್ತುವ ಒತ್ತಡದಲ್ಲಿ ಹರಳು ಬಿರುಕು ಬಿಡದೆ ಉಳಿಯಬೇಕು. ನಿರ್ದೋಷವಾದ ದೊಡ್ಡ ಮಾಣಿಕ್ಯ ಅಗ್ಗವಾಗಿ ದೊರೆಯಿತೆಂದರೆ ಕೊಳ್ಳುವವರು ಸಂದೇಹಪಡಬೇಕಾದುದು ಈ ಕಾರಣದಿಂದಲೇ. ರತ್ನಗಳ ಫಲಾಫಲಗಳ ವಿಚಾರ ಈ ಭಾಷಣದ ವ್ಯಾಪ್ತಿಗೆ ಸೇರಿದುದಲ್ಲ. ಆದರೆ ಆ ನಂಬಿಕೆಯಿಂದ ವರ್ಷಗಳ ಉಳಿತಾಯವನ್ನು ಒಂದು ಹರಳಿಗೆ ಸುರಿಯುವ ಕುಟುಂಬಗಳು ಎಲ್ಲ ನಗರಗಳಲ್ಲಿಯೂ ಇವೆ. ಹರಳನ್ನು ಕಾಯಿಸಿ ಬಣ್ಣವನ್ನು ಉತ್ತಮಗೊಳಿಸುವುದು ವ್ಯಾಪಾರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದನ್ನು ಗ್ರಾಹಕರಿಗೆ ತಿಳಿಸುವುದು ನ್ಯಾಯ. ಕಾರ್ಖಾನೆಯಲ್ಲಿ ಮಾಣಿಕ್ಯ ತಯಾರಿಸುವ ವಿಧಾನವನ್ನು ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಪ್ರಕಟಿಸಿದರು. ಅಂತಹ ಹರಳಿನಲ್ಲಿ ಸೂಕ್ಷ್ಮದರ್ಶಕಕ್ಕೆ ಬಾಗಿದ ಗೆರೆಗಳು ಕಾಣುತ್ತವೆ. ಇನ್ನೂ ಹೆಚ್ಚು ಎಚ್ಚರ ಬೇಕಾದುದು ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳ ಬಗೆಗೆ. 2004ರ ಸುಮಾರಿನಿಂದ ಇವು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ನೋಟಕ್ಕೆ ತಿಳಿಯಾಗಿರುವ ಇವುಗಳೊಳಗಿನ ಗಾಜು ಅಕ್ಕಸಾಲಿಯ ಊದುಗೊಳವೆಯ ಶಾಖಕ್ಕೆ, ಅಡುಗೆಮನೆಯ ನಿಂಬೆರಸಕ್ಕೆ ಸಹ ಕೆಡುತ್ತದೆ.

ರಸೀದಿಯಲ್ಲಿ ಹರಳಿನ ಹೆಸರು, ಕ್ಯಾರೆಟ್ ತೂಕ, ನೈಸರ್ಗಿಕವೋ ಕೃತಕವೋ, ಕಾಯಿಸಲಾಗಿದೆಯೋ, ಗಾಜು ತುಂಬಲಾಗಿದೆಯೋ ಎಂಬುದನ್ನು ಬರೆಸಿಕೊಳ್ಳಬೇಕು. ರತ್ನಪರೀಕ್ಷೆಯ ಪ್ರಯೋಗಾಲಯಗಳು ದೊಡ್ಡ ನಗರಗಳಲ್ಲಿವೆ. ಚಿನ್ನದಲ್ಲಿ ಕೂಡಿಸಿದ ಹರಳಿನ ಎಲ್ಲ ಮುಖಗಳನ್ನೂ ನೋಡುವುದು ಕಠಿಣವಾದ ಕಾರಣ, ಬಿಡಿಹರಳಾಗಿರುವಾಗಲೇ ಪರೀಕ್ಷೆಗೆ ಕೊಡುವುದು ಉತ್ತಮ.