ಸ್ಯಾನ್ ಕಾರ್ಲೋಸಿನ ತೆರೆದ ಕಾರು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಸ್ಯಾನ್ ಕಾರ್ಲೋಸ್ ಎಂಬ ಸಣ್ಣ ಊರಿದೆ. ಕಾರು ತಯಾರಿಕೆಗೆ ಆ ಊರು ಹೆಸರಾದದ್ದಲ್ಲ. ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಎಂಬ ಇಬ್ಬರು ಎಂಜಿನಿಯರುಗಳು 2003ರ ಜುಲೈಯಲ್ಲಿ ಸ್ಥಾಪಿಸಿದ ಟೆಸ್ಲಾ ಮೋಟರ್ಸ್ ಕಂಪನಿ ತನ್ನ ಮೊದಲ ಕಾರನ್ನು ರೂಪಿಸಿದ್ದು ಅಲ್ಲಿ. ಆ ಕಾರಿನ ಹೆಸರು ರೋಡ್‌ಸ್ಟರ್. ಎರಡೇ ಸೀಟು, ಕೈಯಿಂದ ಸುತ್ತಿಡಬಹುದಾದ ಬಟ್ಟೆಯ ಮೇಲ್ಛಾವಣಿ, ನಿಂತಲ್ಲಿಂದ ಗಂಟೆಗೆ 97 ಕಿಲೋಮೀಟರ್ ವೇಗ ಮುಟ್ಟಲು 3.9 ಸೆಕೆಂಡು. 2008ರಿಂದ 2012ರ ಆರಂಭದವರೆಗೆ ತಯಾರಾದವು ಸುಮಾರು 2,450 ಕಾರುಗಳು ಮಾತ್ರ. ಅವು ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಹೋದವು. ಈ ಕಾರಿನ ಚರಿತ್ರೆಯನ್ನು ಸಾಮಾನ್ಯವಾಗಿ ಒಬ್ಬ ಹೆಸರಾಂತ ಶ್ರೀಮಂತನ ಸಾಹಸವೆಂದು ಹೇಳುತ್ತಾರೆ. ನಾನು ಇಲ್ಲಿ ಮಂಡಿಸುವ ವಾದ ಬೇರೆ. ಕೊಲ್ಲಿ ಪ್ರದೇಶದ ಎಂಜಿನಿಯರುಗಳಿಗೆ ಆ ಹೊತ್ತಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದರ ಲೆಕ್ಕ ಈ ಕಾರಿನ ಮೈಯಲ್ಲೇ ಇದೆ. ಅದರ ವೇಗಕ್ಕೆ ಕಾರಣ ಅವರು ಬಲ್ಲ ವಿದ್ಯೆ. ಅದು ತಡವಾದದ್ದಕ್ಕೆ, ದುಬಾರಿಯಾದದ್ದಕ್ಕೆ, ಇಷ್ಟೇ ಸಂಖ್ಯೆಯಲ್ಲಿ ನಿಂತದ್ದಕ್ಕೆ ಕಾರಣ ಅವರಿಗೆ ತಿಳಿಯದಿದ್ದ ವಿದ್ಯೆ.

ಮೊದಲು ಬಲ್ಲ ವಿದ್ಯೆಯನ್ನು ನೋಡೋಣ. ಎಬರ್‌ಹಾರ್ಡ್ ಮತ್ತು ಟಾರ್ಪೆನಿಂಗ್ ಇದಕ್ಕೆ ಮುಂಚೆ ಕಾರಿನ ಕೆಲಸ ಮಾಡಿದವರಲ್ಲ. 1998ರಲ್ಲಿ ಅವರು ಮಾರುಕಟ್ಟೆಗೆ ತಂದದ್ದು ರಾಕೆಟ್ ಇ-ಬುಕ್ ಎಂಬ, ಪುಸ್ತಕ ಓದುವ ಎಲೆಕ್ಟ್ರಾನಿಕ್ ಸಾಧನ. ಕೈಯಲ್ಲಿ ಹಿಡಿಯುವ ಸಾಧನ ತಯಾರಿಸುವವನಿಗೆ ಬ್ಯಾಟರಿಯೇ ದೊಡ್ಡ ಚಿಂತೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದ ಮೇಲೆ, ಲ್ಯಾಪ್‌ಟಾಪ್ ಉದ್ಯಮದ ಒತ್ತಾಸೆಯಿಂದ ಆ ಕೋಶಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತ, ಅಗ್ಗವಾಗುತ್ತ ಬಂದದ್ದನ್ನು ಇವರು ಹತ್ತಿರದಿಂದ ಕಂಡಿದ್ದರು. ದೊಡ್ಡ ಕಾರು ಕಂಪನಿಗಳ ಗಮನ ಆ ಕಡೆ ಅಷ್ಟಾಗಿ ಇರಲಿಲ್ಲ. ಜನರಲ್ ಮೋಟರ್ಸ್ 1996ರಲ್ಲಿ ಇವಿ-1 ಎಂಬ ವಿದ್ಯುತ್ ಕಾರನ್ನು ಸೀಸ-ಆಮ್ಲದ ಬ್ಯಾಟರಿಯೊಂದಿಗೆ ತಂದು, ಕೆಲವೇ ವರ್ಷಗಳಲ್ಲಿ ಅವುಗಳನ್ನೆಲ್ಲ ಹಿಂದಕ್ಕೆ ಪಡೆದು ಬಹುಪಾಲನ್ನು ಜಜ್ಜಿಹಾಕಿತು. ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ, ಸ್ಯಾನ್ ಡಿಮಾಸ್ ಊರಿನ ಎ.ಸಿ. ಪ್ರೊಪಲ್ಷನ್ ಎಂಬ ಪುಟ್ಟ ಸಂಸ್ಥೆಯಲ್ಲಿ ಅಲನ್ ಕೊಕೋನಿ ಎಂಬ ಎಂಜಿನಿಯರ್ ಟೀ-ಝೀರೋ ಎಂಬ ಕಾರು ಕಟ್ಟಿದ್ದರು. ಅದೂ ಎರಡು ಸೀಟಿನ ತೆರೆದ ಕಾರು. 2003ರಲ್ಲಿ ಅದರ ಸೀಸದ ಬ್ಯಾಟರಿಗಳನ್ನು ತೆಗೆದು ಸುಮಾರು 6,800 ಲ್ಯಾಪ್‌ಟಾಪ್ ಕೋಶಗಳನ್ನು ಕೂರಿಸಿದಾಗ ಕಾರಿನ ತೂಕ ಇಳಿಯಿತು, ಗಂಟೆಗೆ 97 ಕಿಲೋಮೀಟರ್ ವೇಗ ಮುಟ್ಟಲು 3.6 ಸೆಕೆಂಡು ಸಾಕಾಯಿತು, ಒಂದು ಚಾರ್ಜಿಗೆ ಓಡುವ ದೂರ 480 ಕಿಲೋಮೀಟರಿನ ಹತ್ತಿರ ಹೋಯಿತು. ಈ ಮಾರ್ಪಾಡಿಗೆ ಹಣದ ನೆರವು ಕೊಟ್ಟವರಲ್ಲಿ ಎಬರ್‌ಹಾರ್ಡ್ ಒಬ್ಬರು. ಎ.ಸಿ. ಪ್ರೊಪಲ್ಷನ್‌ಗೆ ಅದನ್ನು ಸಾಲಾಗಿ ತಯಾರಿಸಿ ಮಾರುವ ಮನಸ್ಸಿರಲಿಲ್ಲ. ತಂತ್ರಜ್ಞಾನದ ಪರವಾನಗಿ ಪಡೆದು ಟೆಸ್ಲಾ ಮುಂದೆ ಹೆಜ್ಜೆ ಇಟ್ಟಿತು. ಮೊದಲು ಹೇಳಿದ ಹೆಸರಾಂತ ಶ್ರೀಮಂತ ಎಲಾನ್ ಮಸ್ಕ್ 2004ರಲ್ಲಿ ಮುಖ್ಯ ಹೂಡಿಕೆದಾರರಾಗಿ ಬಂದರು. ಬ್ಯಾಟರಿಯ ಹೊಣೆ ಹೊತ್ತ ಜೆ.ಬಿ. ಸ್ಟ್ರಾಬೆಲ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ರೋಡ್‌ಸ್ಟರಿನ ನಿಜವಾದ ಸೃಷ್ಟಿ ಅದರ ಬ್ಯಾಟರಿ ಪೆಟ್ಟಿಗೆ. ನಮ್ಮ ಪೆನ್ಸಿಲ್ ಸೆಲ್ಲಿಗಿಂತ ತುಸು ದೊಡ್ಡದಾದ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 6,831 ಕೋಶಗಳು ಅದರಲ್ಲಿದ್ದವು. 69 ಕೋಶಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದು ಇಟ್ಟಿಗೆ. ಒಂಬತ್ತು ಇಟ್ಟಿಗೆಗಳಿಗೆ ಒಂದು ಹಾಳೆ. ಹನ್ನೊಂದು ಹಾಳೆಗಳಿಗೆ ಒಂದು ಪೆಟ್ಟಿಗೆ. ಒಟ್ಟು ತೂಕ ಸುಮಾರು 450 ಕಿಲೋ, ಹಿಡಿಯುವ ಶಕ್ತಿ 53 ಕಿಲೋವ್ಯಾಟ್-ಗಂಟೆ. ಅಂದರೆ ಪೆಟ್ಟಿಗೆಯ ಒಂದು ಕಿಲೋ ತೂಕಕ್ಕೆ 118 ವ್ಯಾಟ್-ಗಂಟೆಯ ಹತ್ತಿರ ಶಕ್ತಿ. ಸೀಸ-ಆಮ್ಲದ ಬ್ಯಾಟರಿ ಕೊಡುತ್ತಿದ್ದದ್ದು ಕಿಲೋಗೆ 30ರಿಂದ 40. ಇಷ್ಟು ಕೋಶಗಳನ್ನು ಒತ್ತೊತ್ತಾಗಿ ಇಟ್ಟರೆ ಬರುವ ಅಪಾಯವನ್ನು ಟೆಸ್ಲಾ ತಂಡ ಪ್ರಯೋಗ ಮಾಡಿಯೇ ತಿಳಿದುಕೊಂಡಿತು: ಒಂದು ಕೋಶಕ್ಕೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೂ ಹರಡುತ್ತದೆ. ಕೋಶ ಕೆಡುವುದೇ ಇಲ್ಲ ಎಂದು ಯಾರೂ ಖಾತರಿ ಕೊಡಲಾರರು. ಆದ್ದರಿಂದ ಒಂದು ಕೆಟ್ಟರೂ ನೆರೆಯದು ಉಳಿಯುವಂತೆ ಪೆಟ್ಟಿಗೆ ಕಟ್ಟುವುದು ಅವರ ಗುರಿಯಾಯಿತು. ಪ್ರತಿ ಕೋಶಕ್ಕೂ ಫ್ಯೂಸ್, ಕೋಶಗಳ ನಡುವೆ ಗ್ಲೈಕಾಲ್ ಬೆರೆಸಿದ ನೀರು ಹರಿಯುವ ಕೊಳವೆ, ಪ್ರತಿ ಹಾಳೆಗೂ ವೋಲ್ಟೇಜು ಮತ್ತು ಶಾಖ ಅಳೆಯುವ ತನ್ನದೇ ನಿಯಂತ್ರಕ. ಸಾವಿರಾರು ಸಣ್ಣ ಘಟಕಗಳಲ್ಲಿ ಯಾವುದೋ ಒಂದು ಕೆಡುತ್ತದೆಂದು ಮೊದಲೇ ಒಪ್ಪಿಕೊಂಡು ಇಡೀ ವ್ಯವಸ್ಥೆ ನಿಲ್ಲದಂತೆ ನೋಡಿಕೊಳ್ಳುವುದು ಸಿಲಿಕಾನ್ ಕಣಿವೆಯ ಕಂಪ್ಯೂಟರ್ ಎಂಜಿನಿಯರುಗಳ ದಿನನಿತ್ಯದ ಯೋಚನೆ. ಕಾರಿನ ಊರಾದ ಡೆಟ್ರಾಯಿಟ್‌ಗೆ ಆ ಯೋಚನೆ ಆಗ ಹೊಸದು.

ಈಗ ತಿಳಿಯದಿದ್ದ ವಿದ್ಯೆಗೆ ಬರುತ್ತೇನೆ. ಕಾರಿನ ಒಡಲು, ಬಾಗಿಲು, ಕನ್ನಡಿ, ಸಸ್ಪೆನ್ಷನ್ ಇವೆಲ್ಲ ಎಲ್ಲೋ ಸಿದ್ಧವಾಗಿ ಸಿಗುತ್ತವೆ, ತಂದು ಜೋಡಿಸಿದರಾಯಿತು ಎಂದು ಅವರು ನಂಬಿದ್ದರು. 2005ರಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಹೆಥೆಲ್‌ನಲ್ಲಿರುವ ಲೋಟಸ್ ಕಂಪನಿಯೊಂದಿಗೆ ಒಪ್ಪಂದವಾಯಿತು. ಲೋಟಸ್‌ನ ಎಲೀಸ್ ಎಂಬ ತೆರೆದ ಕಾರು 1996ರಿಂದ ಓಡುತ್ತಿತ್ತು. ಅಲ್ಯೂಮಿನಿಯಂ ತೊಲೆಗಳನ್ನು ಅಂಟಿನಿಂದ ಜೋಡಿಸಿದ ಅದರ ಚೌಕಟ್ಟು ಬಹಳ ಹಗುರ. ಸೀಟುಗಳ ಹಿಂದೆ ಎಂಜಿನ್ ಇರುವ ಜಾಗದಲ್ಲಿ ಬ್ಯಾಟರಿ ಪೆಟ್ಟಿಗೆ ಕೂರುತ್ತಿತ್ತು. ಮೇಲ್ಛಾವಣಿಯಿಲ್ಲದ ಕಾರಿಗೆ ಬಲ ಬೇರೆಲ್ಲಿಂದಲೋ ಬರಬೇಕು. ಎಲೀಸ್‌ನಲ್ಲಿ ಅದು ಬರುವುದು ಬಾಗಿಲಿನ ಕೆಳಗಿನ ಎತ್ತರದ, ದಪ್ಪನೆಯ ಹೊಸ್ತಿಲಿನಿಂದ. ಆ ಹೊಸ್ತಿಲು ದಾಟಿ ಒಳಗೆ ಇಳಿದು ಕೂರುವುದು ಕಷ್ಟ ಎಂದು ಟೆಸ್ಲಾ ಅದನ್ನು ಸುಮಾರು ಐದು ಸೆಂಟಿಮೀಟರ್ ತಗ್ಗಿಸಲು ಹೇಳಿತು. ಕೇಳಲು ಇದು ಸಣ್ಣ ಬದಲಾವಣೆ. ಆದರೆ ತೆರೆದ ಕಾರಿನಲ್ಲಿ ಹೊಸ್ತಿಲೇ ಬೆನ್ನೆಲುಬು, ಅದನ್ನು ಮುಟ್ಟಿದರೆ ಇಡೀ ಚೌಕಟ್ಟಿನ ಲೆಕ್ಕ ಮತ್ತೆ ಹಾಕಬೇಕು. ಗಾಲಿಗಳ ನಡುವಿನ ಅಂತರ ಉದ್ದವಾಯಿತು, ಮೈಗೆ ಕಾರ್ಬನ್ ಫೈಬರ್ ಬಂತು, ಬಾಗಿಲಿಗೆ ವಿದ್ಯುತ್ ಚಿಲಕ ಬಂತು. ಕೊನೆಗೆ ಎಲೀಸ್ ಕಾರಿನ ಬಿಡಿಭಾಗಗಳಲ್ಲಿ ರೋಡ್‌ಸ್ಟರಿಗೆ ಉಳಿದದ್ದು ನೂರಕ್ಕೆ ಏಳರಷ್ಟು ಎಂದು ಕಂಪನಿಯೇ ಹೇಳಿಕೊಂಡಿತು. ಹೆಮ್ಮೆಯಿಂದ ಹೇಳಿದ ಆ ಸಂಖ್ಯೆಯಲ್ಲೇ ಸೋಲಿನ ಕಾರಣವೂ ಇದೆ: ಎರವಲು ತಂದರೆ ಉಳಿತಾಯವಾಗಬೇಕಿದ್ದ ಹಣ ಉಳಿಯಲಿಲ್ಲ. 92,000 ಡಾಲರ್ ಎಂದಿದ್ದ ಬೆಲೆ 98,000ಕ್ಕೆ, ಆಮೇಲೆ 109,000ಕ್ಕೆ ಏರಿತು. 2007ರ ಆಗಸ್ಟಿನಲ್ಲಿ ಎಬರ್‌ಹಾರ್ಡ್ ಮುಖ್ಯಾಧಿಕಾರಿಯ ಸ್ಥಾನ ಬಿಡಬೇಕಾಯಿತು.

ಗೇರ್‌ಪೆಟ್ಟಿಗೆಯ ಪ್ರಸಂಗ ಇನ್ನೂ ಸ್ಪಷ್ಟ ಸಾಕ್ಷಿ. ವಿದ್ಯುತ್ ಮೋಟರು ಶೂನ್ಯ ವೇಗದಲ್ಲೇ ಪೂರ್ತಿ ತಿರುಚುಬಲ ಕೊಡುತ್ತದೆ. ನಿಮಿಷಕ್ಕೆ 14,000 ಸುತ್ತಿನವರೆಗೂ ತಿರುಗಬಲ್ಲದು. ಹಾಗಿದ್ದರೂ ಹೊರಡುವಾಗಿನ ಜಿಗಿತ, ಕೊನೆಯ ವೇಗ ಎರಡನ್ನೂ ಸಾಧಿಸಲು ಎರಡು ಗೇರು ಬೇಕೆಂದು ಮೊದಲು ತೀರ್ಮಾನಿಸಿದ್ದರು. ಆ ಬಲದಲ್ಲಿ, ಆ ವೇಗದಲ್ಲಿ ಗೇರು ಬದಲಾಗುವಾಗಿನ ಹೊಡೆತವನ್ನು ತಾಳಿ ಬಾಳುವ ಪೆಟ್ಟಿಗೆ ಸಿಗಲಿಲ್ಲ. ಒಬ್ಬ ತಯಾರಕರ ನಂತರ ಇನ್ನೊಬ್ಬರು ಪ್ರಯತ್ನಿಸಿದರು. 2008ರಲ್ಲಿ ಗ್ರಾಹಕರ ಕೈ ಸೇರಿದ ಮೊದಲ ಕಾರುಗಳಲ್ಲಿ ಪೆಟ್ಟಿಗೆಯನ್ನು ಎರಡನೇ ಗೇರಿನಲ್ಲೇ ಬಿಗಿದು ಕೊಟ್ಟಿದ್ದರು. ಆಗ ಕಾರಿಗೆ 97 ಕಿಲೋಮೀಟರ್ ವೇಗ ಮುಟ್ಟಲು 5.7 ಸೆಕೆಂಡು ಹಿಡಿಯುತ್ತಿತ್ತು. ಪರಿಹಾರ ಬಂದದ್ದು ಕಣಿವೆಯವರು ಬಲ್ಲ ದಿಕ್ಕಿನಿಂದ. ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟರಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತಾಗಿ ಬದಲಿಸುವ ಪೆಟ್ಟಿಗೆಯಲ್ಲಿ ಹೆಚ್ಚು ಕರೆಂಟು ತಾಳುವ ಟ್ರಾನ್ಸಿಸ್ಟರುಗಳನ್ನು ಹಾಕಿದರು, ಮೋಟರನ್ನು ಅದಕ್ಕೆ ಹೊಂದಿಸಿದರು, ಬೋರ್ಗ್‌ವಾರ್ನರ್ ಕಂಪನಿಯ ಒಂದೇ ಗೇರಿನ ಪೆಟ್ಟಿಗೆ ಜೋಡಿಸಿದರು. 3.9 ಸೆಕೆಂಡು ಮತ್ತೆ ಸಿಕ್ಕಿತು. ಗೇರಿನ ಹಲ್ಲುಗಳಿಂದ ಆಗದ ಕೆಲಸ ಸಿಲಿಕಾನಿನಿಂದ ಆಯಿತು. ಈ ಕಾರಿನ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಘಟನೆ ಇದು. 2006ರ ಜುಲೈಯಲ್ಲಿ ಸಾಂಟಾ ಮೋನಿಕಾದಲ್ಲಿ ನಡೆದ ವೈಭವದ ಅನಾವರಣಕ್ಕಿಂತಲೂ ಮುಖ್ಯ. ಇವತ್ತು ಬೆಂಗಳೂರಿನ ರಸ್ತೆಯಲ್ಲಿ ಓಡುವ ಬಹುಪಾಲು ವಿದ್ಯುತ್ ಕಾರುಗಳಲ್ಲೂ ಇರುವುದು ಒಂದೇ ಗೇರು.

ರೋಡ್‌ಸ್ಟರನ್ನು ಸೂಪರ್‌ಕಾರ್ ಎನ್ನಬಹುದೇ ಎಂದು ಕಾರುಪ್ರಿಯರು ಆಕ್ಷೇಪಿಸುತ್ತಾರೆ. ಅವರ ಆಕ್ಷೇಪದಲ್ಲಿ ಹುರುಳಿದೆ. ಕೊನೆಯ ವೇಗವನ್ನು ಗಂಟೆಗೆ 201 ಕಿಲೋಮೀಟರಿಗೆ ಮಿತಗೊಳಿಸಲಾಗಿತ್ತು. ಮೋಟರನ್ನು ತಣಿಸುತ್ತಿದ್ದದ್ದು ಗಾಳಿ ಮಾತ್ರ. ರೇಸಿನ ಹಾದಿಯಲ್ಲಿ ಬಿಡದೆ ಓಡಿಸಿದರೆ ಶಾಖವೇರಿ ಶಕ್ತಿ ತಾನಾಗಿ ತಗ್ಗುತ್ತಿತ್ತು. ಬ್ಯಾಟರಿಯ ಭಾರದಿಂದ ಎಲೀಸ್‌ನ ಲಘುತ್ವ ಹೋಗಿ ಕಾರಿನ ತೂಕ 1,235 ಕಿಲೋ ಆಗಿತ್ತು. ಆದ್ದರಿಂದ ಮೊದಲ ನಾಲ್ಕು ಸೆಕೆಂಡಿನ ಮಟ್ಟಿಗೆ ಅದು ಸೂಪರ್‌ಕಾರ್, ಅದರಾಚೆಗೆ ಅಲ್ಲ ಎಂಬುದೇ ನ್ಯಾಯವಾದ ತೀರ್ಪು. ಆದರೆ ಪೆಟ್ರೋಲಿನ ಸೂಪರ್‌ಕಾರುಗಳಲ್ಲಿ ಸಿಗದ ಗುಣವೂ ಅದಕ್ಕಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ಅದರ ಓಟ 393 ಕಿಲೋಮೀಟರ್; 2009ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಸೈಮನ್ ಹ್ಯಾಕೆಟ್ ನಿಧಾನವಾಗಿ ಓಡಿಸಿ 501 ಕಿಲೋಮೀಟರ್ ಕ್ರಮಿಸಿದರು. ಅದೇ ಕಾರು ಬಿರುಸಾಗಿಯೂ ಮಿತವ್ಯಯಿಯಾಗಿಯೂ ಇರಬಲ್ಲದೆಂದು ಸಾಬೀತಾಯಿತು.

ಕರ್ನಾಟಕದ ಕೇಳುಗರು ಕೇಳಬೇಕಾದ, ಇನ್ನೂ ಗಂಭೀರವಾದ ಪ್ರಶ್ನೆ ಇನ್ನೊಂದು. ರೋಡ್‌ಸ್ಟರಿಗಿಂತ ಏಳು ವರ್ಷ ಮೊದಲು, 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತ್ತು. ಅದರ ಹಿಂದಿದ್ದ ಚೇತನ್ ಮೈನಿ ಸ್ಟ್ಯಾನ್‌ಫರ್ಡಿನಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದಿದವರು. ಅಂದರೆ ಎರಡೂ ಕಾರುಗಳ ಬೇರು ಒಂದೇ ಕ್ಯಾಂಪಸ್ಸಿಗೆ ತಾಗುತ್ತದೆ. ಸಾಮಾನ್ಯ ಜನ ನಗರದಲ್ಲಿ ಓಡಿಸಬಹುದಾದ ಕಾರನ್ನು ಬೆಂಗಳೂರು ಕೊಟ್ಟಿರುವಾಗ, ಶ್ರೀಮಂತರಿಗಾಗಿ ಲಕ್ಷ ಡಾಲರಿನ ಆಟಿಕೆ ಏಕೆ ಬೇಕಿತ್ತು? ರೇವಾದ ಬಗ್ಗೆ ನನಗಿರುವ ಗೌರವ ದೊಡ್ಡದು, ಆದ್ದರಿಂದಲೇ ಉತ್ತರವನ್ನು ಬಿಡಿಸಿ ಹೇಳಬೇಕು. ರೇವಾದಲ್ಲಿದ್ದದ್ದು ಎಂಟು ಸೀಸ-ಆಮ್ಲದ ಬ್ಯಾಟರಿ, ಓಟ ಸುಮಾರು 80 ಕಿಲೋಮೀಟರ್. ಆ ಬೆಲೆಗೆ ಲಿಥಿಯಂ ಹಾಕಲು ಆಗ ಯಾರಿಂದಲೂ ಸಾಧ್ಯವಿರಲಿಲ್ಲ. ಲಿಥಿಯಂ ಬ್ಯಾಟರಿಯ ರೇವಾ ಬಂದದ್ದು 2009ರಲ್ಲಿ. ಬ್ಯಾಟರಿಯ ಖರ್ಚು ಕಾರಿನ ಬೆಲೆ ನೋಡಿ ಇಳಿಯುವುದಿಲ್ಲ. 53 ಕಿಲೋವ್ಯಾಟ್-ಗಂಟೆಯ ಪೆಟ್ಟಿಗೆಯನ್ನು ಅಗ್ಗದ ಕಾರಿನಲ್ಲಿಟ್ಟರೂ ಅದೇ ಖರ್ಚು, ದುಬಾರಿ ಕಾರಿನಲ್ಲಿಟ್ಟರೂ ಅದೇ. ಹಾಗಾಗಿ ಲಿಥಿಯಂನ ಸಾಮರ್ಥ್ಯವನ್ನು ರಸ್ತೆಯ ಮೇಲೆ ಪರೀಕ್ಷಿಸಲು, ಬೆಲೆ ನೋಡದೆ ಕೊಳ್ಳುವವರ ಕಾರೇ ಬೇಕಿತ್ತು. ಬ್ಯಾಟರಿಯ ಭಾರ ಹೊತ್ತರೂ ನಿಧಾನವಾಗದಷ್ಟು ಹಗುರವಾದ ತೆರೆದ ಕಾರೇ ಬೇಕಿತ್ತು. ರೇವಾ ನಗರದ ಅಗತ್ಯದಿಂದ ಹೊರಟಿತು, ರೋಡ್‌ಸ್ಟರ್ ಬ್ಯಾಟರಿಯ ಸಾಧ್ಯತೆಯಿಂದ ಹೊರಟಿತು. ಒಂದು ಇನ್ನೊಂದರ ಜಾಗ ತುಂಬಲಾರದು.

ಹಾಗೆಂದು ಟೆಸ್ಲಾ ಹೇಳಿಕೊಂಡದ್ದನ್ನೆಲ್ಲ ಒಪ್ಪಬೇಕಿಲ್ಲ. ದುಬಾರಿ ಕಾರು ಮಾರಿದ ಹಣದಿಂದ ಅಗ್ಗದ ಕಾರು ತಯಾರಿಸುತ್ತೇವೆ ಎಂದು ಮಸ್ಕ್ 2006ರಲ್ಲಿ ಬರೆದರು. ನಡೆದದ್ದು ಹಾಗಲ್ಲ. ಮುಂದಿನ ಮಾಡೆಲ್ ಎಸ್ ಕಾರಿಗೆ ಹಣ ಬಂದದ್ದು ಹೂಡಿಕೆದಾರರಿಂದ, 2009ರಲ್ಲಿ ಡೈಮ್ಲರ್ ಹಾಕಿದ 5 ಕೋಟಿ ಡಾಲರಿನಿಂದ, ಅಮೆರಿಕ ಸರ್ಕಾರ ಕೊಟ್ಟ 46.5 ಕೋಟಿ ಡಾಲರ್ ಸಾಲದಿಂದ, 2010ರ ಜೂನಿನ ಷೇರು ಮಾರಾಟದಿಂದ. ಸಾಲವನ್ನು 2013ರ ಮೇ ತಿಂಗಳಲ್ಲಿ ತೀರಿಸಿದರು ಎಂಬುದನ್ನೂ ಹೇಳಬೇಕು. ರೋಡ್‌ಸ್ಟರ್ ಗಳಿಸಿಕೊಟ್ಟದ್ದು ಲಾಭವನ್ನಲ್ಲ, ಆ ಹಣ ಕೊಡುವವರ ನಂಬಿಕೆಯನ್ನು. ಜನರಲ್ ಮೋಟರ್ಸಿನ ಬಾಬ್ ಲಟ್ಜ್ ತಮ್ಮ ಕಂಪನಿಯ ವೋಲ್ಟ್ ಕಾರಿನ ಯೋಜನೆಗೆ ಈ ಸಣ್ಣ ಕಂಪನಿಯ ಉದಾಹರಣೆಯೇ ಒತ್ತಾಸೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಇನ್ನು ಸಂಖ್ಯೆಯ ವಿಷಯ. ಸೀಮಿತ ಸಂಖ್ಯೆ ಎಂದರೆ ಸಾಮಾನ್ಯವಾಗಿ ಪ್ರತಿಷ್ಠೆಯ ಲಕ್ಷಣ. ಇಲ್ಲಿ ಅದು ಒಪ್ಪಂದದ ಮಿತಿ: ಲೋಟಸ್ ಒದಗಿಸಿದ ಒಡಲುಗಳು ಎಷ್ಟೋ ಕಾರುಗಳು ಅಷ್ಟೇ. ಹೆಥೆಲ್‌ನಿಂದ ಬಂದ ಒಡಲಿಗೆ ಸ್ಯಾನ್ ಕಾರ್ಲೋಸಿನ ಬ್ಯಾಟರಿ ಜೋಡಿಸಿ ಮೆನ್ಲೋ ಪಾರ್ಕಿನಲ್ಲಿ ಕಾರು ಪೂರ್ತಿಗೊಳಿಸುವುದು ಸಾವಿರದ ಲೆಕ್ಕಕ್ಕೆ ಸಾಕು, ಲಕ್ಷಕ್ಕೆ ಸಾಲದು. ಅದಕ್ಕೇ 2010ರಲ್ಲಿ ಕಂಪನಿ ಕೊಲ್ಲಿಯ ಆಚೆ ದಡದ ಫ್ರೀಮಾಂಟಿನಲ್ಲಿ, ಜನರಲ್ ಮೋಟರ್ಸ್ ಮತ್ತು ಟೊಯೋಟಾ ಜಂಟಿಯಾಗಿ 1984ರಿಂದ ನಡೆಸಿ ಮುಚ್ಚಿದ್ದ ಕಾರ್ಖಾನೆಯನ್ನು ಕೊಂಡಿತು. ತಿಳಿಯದಿದ್ದ ವಿದ್ಯೆಯನ್ನು ಕಲಿಯಲು ಹೊರಟದ್ದು ಆಗಲೇ.

2017ರಲ್ಲಿ ಟೆಸ್ಲಾ ಹೊಸ ರೋಡ್‌ಸ್ಟರನ್ನು ಪ್ರದರ್ಶಿಸಿ ಮುಂಗಡವನ್ನೂ ಪಡೆಯಿತು. 2018ರ ಫೆಬ್ರವರಿಯಲ್ಲಿ ಹಳೆಯ ರೋಡ್‌ಸ್ಟರ್ ಒಂದನ್ನು ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರು. ಅವೆರಡಕ್ಕೂ ಸಿಕ್ಕ ಪ್ರಚಾರ 2023ರ ನವೆಂಬರಿನ ಒಂದು ಕೆಲಸಕ್ಕೆ ಸಿಗಲಿಲ್ಲ. ಆ ತಿಂಗಳು ಕಂಪನಿ ಮೂಲ ರೋಡ್‌ಸ್ಟರಿನ ಸರ್ಕ್ಯೂಟ್ ನಕ್ಷೆಗಳನ್ನೂ ಅಭಿವೃದ್ಧಿ ಕಾಲದ ತಾಂತ್ರಿಕ ದಾಖಲೆಗಳನ್ನೂ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬ್ಯಾಟರಿ ಮತ್ತು ಮೋಟರಿನ ಪಾಠ ಹೇಳುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಆ ದಾಖಲೆಗಳನ್ನು ತರಿಸಿಕೊಳ್ಳಿ, ವಿದ್ಯಾರ್ಥಿಗಳ ಮುಂದಿಟ್ಟು ಓದಿಸಿ.